ತಂಗಡಿಯ ಕಿವಿ

ಮಳೆಗಾಲ ಹಿಂದೆ ಸರಿದು ಅಕ್ಕಲಕೋಟ, ಜತ್ತ ಸೀಮೆಯ ಕಲ್ಲುಮರಡಿಗಳಲ್ಲಿ ಹುಲ್ಲು ಒಣಗತೊಡಗಿದಾಗಲೂ ಮೈತುಂಬ ಹಳದಿ ಹೂ ಹೊತ್ತು ನಿಲ್ಲುವ ಪೊದೆ ತಂಗಡಿ. ಆವರಿಕೆ ಎಂಬುದು ಇದರದೇ ಇನ್ನೊಂದು ಕನ್ನಡ ಹೆಸರು. ತೆಲುಗಿನಲ್ಲಿ ಇದು ತಂಗೇಡು, ತಮಿಳಿನಲ್ಲಿ ಆವಿರೈ ಅಥವಾ ಆವಾರಂ, ಮರಾಠಿಯಲ್ಲಿ ತರವಡ. ಕನ್ನಡದ ಎರಡು ಹೆಸರುಗಳಲ್ಲಿ ಒಂದು ತೆಲುಗಿನ ಕಡೆಗೆ, ಇನ್ನೊಂದು ತಮಿಳಿನ ಕಡೆಗೆ ಕೈಚಾಚಿರುವುದು ಗಮನಾರ್ಹ. ಸಂಗಂ ಕಾವ್ಯದಲ್ಲಿ ಪ್ರೇಮದಿಂದ ಬೆಂದ ನಾಯಕನು ತಾಳೆಮಟ್ಟೆಯ ಕುದುರೆಯೇರಿ ಬೀದಿಗೆ ಬರುವಾಗ ಧರಿಸುವ ಮಾಲೆ ಈ ಹೂವಿನದೇ. ತೆಲಂಗಾಣದಲ್ಲಿ ಇದು ರಾಜ್ಯಪುಷ್ಪ. ಬತುಕಮ್ಮ ಹಬ್ಬದ ಹೂರಾಶಿಗೆ ಇದು ಬೇಕೇಬೇಕು. ಮರಾಠಿ ಸೀಮೆಯಲ್ಲಿ ನವರಾತ್ರಿಯ ಘಟಕ್ಕೆ ಇದರ ಮಾಲೆ ಏರುತ್ತದೆ.

ಇಷ್ಟು ಹೆಸರುಗಳಿದ್ದೂ ಗಿಡ ತಪ್ಪುವುದುಂಟು. ಕನ್ನಡದಲ್ಲಿ ತಂಗಡಿಯ ಪಕ್ಕದಲ್ಲೇ ತಗಚೆ ಇದೆ; ಮರಾಠಿಯಲ್ಲಿ ತರವಡದ ಪಕ್ಕದಲ್ಲಿ ತರೋಟಾ. ಎರಡೂ ಭಾಷೆಗಳಲ್ಲಿ ಹೆಸರುಗಳು ಹೀಗೆ ಒಂದನ್ನೊಂದು ಹೋಲುವುದು ವಿಚಿತ್ರವೇ ಸರಿ. ಹೂವಿನ ಬಣ್ಣ ಒಂದೇ, ಸಸ್ಯಶಾಸ್ತ್ರಜ್ಞರು ಹೇಳುವ ಕುಲವೂ ಒಂದೇ: ಸೆನ್ನಾ. ಇವುಗಳ ಜೊತೆಗೆ ಅದೇ ಕುಲದ ಮೂರನೆಯದೊಂದು, ಕಾಸಮರ್ದ, ಮರಾಠಿಯ ಕಾಸವಿಂದಾ.

ಬಣ್ಣವನ್ನು ನಂಬದೆ ಎಲೆಯ ಬುಡವನ್ನು ನೋಡಬೇಕು. ತಂಗಡಿಯಲ್ಲಿ ಎಲೆಯ ತೊಟ್ಟು ಕೊಂಬೆಗೆ ಸೇರುವೆಡೆ, ಎರಡೂ ಪಕ್ಕಗಳಲ್ಲಿ ಕಿವಿಯಂತೆ ಅಗಲವಾದ ಪುಟ್ಟ ಹಸಿರು ಹಾಳೆಗಳಿರುತ್ತವೆ. ತಗಚೆ, ಕಾಸಮರ್ದಗಳಲ್ಲಿ ಅವು ಕಿರಿದಾಗಿದ್ದು ಬೇಗ ಉದುರಿಹೋಗುತ್ತವೆ, ತಂಗಡಿಯಲ್ಲಿ ಉಳಿಯುತ್ತವೆ. 1753ರಲ್ಲಿ ಲಿನೇಯಸ್ ಈ ಗಿಡಕ್ಕೆ 'ಆರಿಕ್ಯುಲೇಟಾ' ಎಂಬ ಹೆಸರಿಟ್ಟನು. ಲ್ಯಾಟಿನ್‌ನಲ್ಲಿ 'ಆರಿಕುಲಾ' ಎಂದರೆ ಪುಟ್ಟ ಕಿವಿ. ಕನ್ನಡದ ಹೆಸರು ಹೇಳದ ಗುರುತನ್ನು ಲ್ಯಾಟಿನ್ ಹೆಸರು ಹೇಳಿಬಿಟ್ಟಿದೆ!

ಸಂದೇಹ ಉಳಿದರೆ ಎಲೆಗಳನ್ನು ಎಣಿಸಬಹುದು. ತಂಗಡಿಯ ಒಂದೊಂದು ಗರಿಯಲ್ಲಿ ಸಾಮಾನ್ಯವಾಗಿ 8ರಿಂದ 12 ಜೋಡಿ ದುಂಡುತುದಿಯ ಕಿರುಎಲೆಗಳು. ತಗಚೆಯಲ್ಲಿ ಮೂರೇ ಜೋಡಿ. ಕಾಸಮರ್ದದಲ್ಲಿ ನಾಲ್ಕೈದು ಜೋಡಿ, ತುದಿ ಚೂಪು, ಹಿಸುಕಿದರೆ ದುರ್ಗಂಧ. ತಗಚೆಯು ಮಳೆಗೆ ಹುಟ್ಟಿ ಬೇಸಗೆಗೆ ಸಾಯುವ ಸಸಿ. ತಂಗಡಿಯಾದರೋ ಆಳೆತ್ತರದ, ಬಹುವರ್ಷ ಬಾಳುವ ಗಟ್ಟಿಕಾಂಡದ ಪೊದೆ. ಅದರ ಕಾಯಿ ಕಾಗದದಂತೆ ತೆಳು, ಚಪ್ಪಟೆ. ತೊಗಟೆಯಲ್ಲಿ ಒಗರು ಹೇರಳ. ಹೊರದೇಶದ ವ್ಯಾಟಲ್ ತೊಗಟೆ ಬರುವ ಮೊದಲು ದಕ್ಷಿಣ ಭಾರತದಲ್ಲಿ ಚರ್ಮ ಹದಮಾಡುವವರು ಇದನ್ನೇ ನೆಚ್ಚಿದ್ದರು.

ಗುರುತು ತಪ್ಪಿದರೆ ಆಗುವ ಹಾನಿ ಕೇವಲ ಪದಕೋಶದ್ದಲ್ಲ. ತಂಗಡಿಯ ಹೂವನ್ನು ಒಣಗಿಸಿ ಕಷಾಯಕ್ಕೆ ಬಳಸುವ ರೂಢಿಯಿದೆ. ಕಾಸಮರ್ದದ ಬೀಜವಾದರೋ ವಿಷ. ಪಶ್ಚಿಮ ಉತ್ತರಪ್ರದೇಶದ ಹಳ್ಳಿಗಳಲ್ಲಿ ಅದನ್ನು ತಿಂದ ಎಳೆಯ ಮಕ್ಕಳು ಯಕೃತ್ತು, ಸ್ನಾಯು, ಮಿದುಳುಗಳು ಕೆಟ್ಟು ಸತ್ತುದನ್ನು ವೈದ್ಯರು ದಾಖಲಿಸಿದ್ದಾರೆ.

ಆದುದರಿಂದ ಊರಿನ ಪದಗಳನ್ನು ಸಂಗ್ರಹಿಸುವ ವಿದ್ಯಾರ್ಥಿಯು ತಂಗಡಿಗೆ 'ಹಳದಿ ಹೂವಿನ ಒಂದು ಬಗೆಯ ಗಿಡ' ಎಂದಷ್ಟೇ ಅರ್ಥ ಬರೆದರೆ ಸಾಲದು; ಆ ಅರ್ಥಕ್ಕೆ ಮೂರು ಗಿಡಗಳೂ ಒಪ್ಪುತ್ತವೆ. 'ತಂಗಡಿ, ಆವರಿಕೆ: ಕಲ್ಲುನೆಲದ ಪೊದೆ, ಹಳದಿ ಹೂ, ಎಲೆಯ ಬುಡದಲ್ಲಿ ಕಿವಿ, ಚಪ್ಪಟೆ ಕಾಯಿ, ಮರಾಠಿ ತರವಡ' ಎಂದು ಬರೆದುಕೊಂಡರೆ, ಮುಂದೆ ಓದುವವನು ಮರಡಿಗೆ ಹೋಗಿ ಅದೇ ಗಿಡದ ಮುಂದೆ ನಿಲ್ಲಬಲ್ಲನು.