ಕಾರ್ಯನಿರ್ವಾಹಕ ಶಿಕ್ಷಣ

ಕಾರ್ಯನಿರ್ವಾಹಕ ಶಿಕ್ಷಣ ಎಂದರೆ ಈಗಾಗಲೇ ಉದ್ಯೋಗದಲ್ಲಿರುವ ಅಧಿಕಾರಿಗಳು, ವ್ಯವಸ್ಥಾಪಕರು, ಮೇಲ್ವಿಚಾರಕರು ಮತ್ತು ಉದ್ಯಮಿಗಳಿಗಾಗಿ ರೂಪಿಸಲಾದ ಉನ್ನತ ಮಟ್ಟದ ಕಲಿಕೆ. ಎಕ್ಸಿಕ್ಯುಟಿವ್ ಎಜುಕೇಶನ್ ಎಂಬ ಹೆಸರೇ ಬಳಕೆಯಲ್ಲಿ ಹೆಚ್ಚು ಪರಿಚಿತವಾಗಿದೆ. ಸಾಮಾನ್ಯ ಪದವಿ ಶಿಕ್ಷಣದಲ್ಲಿ ವಿದ್ಯಾರ್ಥಿಯು ಮೊದಲು ಕಲಿತು ಅನಂತರ ಕೆಲಸಕ್ಕೆ ಸೇರುತ್ತಾನೆ. ಇಲ್ಲಿ ಕೆಲಸದ ಅನುಭವವೇ ಮೊದಲು, ಕಲಿಕೆ ಅನಂತರ. ಎರಡು ದಿನಗಳ ಕಾರ್ಯಾಗಾರದಿಂದ ಎರಡು ವರ್ಷಗಳ ಸ್ನಾತಕೋತ್ತರ ಪದವಿಯವರೆಗೆ ಇದರ ವ್ಯಾಪ್ತಿ ಇದೆ. ಬಡ್ತಿ, ವೃತ್ತಿ ಬದಲಾವಣೆ, ನಾಯಕತ್ವದ ಸಾಮರ್ಥ್ಯ ಮತ್ತು ಆತ್ಮವಿಶ್ವಾಸ ಇದರಿಂದ ದೊರೆಯಬಹುದಾದ ದೀರ್ಘಕಾಲೀನ ಪ್ರಯೋಜನಗಳೆಂದು ಪರಿಗಣಿಸಲಾಗುತ್ತದೆ. ಆದರೆ ಈ ಪ್ರಯೋಜನಗಳು ಪ್ರಮಾಣಪತ್ರಕ್ಕಿಂತ ಹೆಚ್ಚಾಗಿ, ಕಲಿತದ್ದನ್ನು ಕೆಲಸದ ಸ್ಥಳದಲ್ಲಿ ಬಳಸಲು ದೊರೆಯುವ ಅವಕಾಶವನ್ನು ಅವಲಂಬಿಸಿವೆ.

ಇತಿಹಾಸ

ಕಾರ್ಯನಿರ್ವಾಹಕ ಶಿಕ್ಷಣದ ಆಧುನಿಕ ರೂಪವು ಅಮೆರಿಕದಲ್ಲಿ ಬೆಳೆಯಿತು. 1930ರ ದಶಕದಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ಉದ್ಯೋಗದಲ್ಲಿದ್ದ ಎಂಜಿನಿಯರುಗಳಿಗಾಗಿ ನಿರ್ವಹಣಾ ಕಾರ್ಯಕ್ರಮವೊಂದನ್ನು ಆರಂಭಿಸಿತು. ಇದು ಮುಂದೆ ಸ್ಲೋನ್ ಫೆಲೋಸ್ ಕಾರ್ಯಕ್ರಮವೆಂದು ಪ್ರಸಿದ್ಧವಾಯಿತು. ಷಿಕಾಗೊ ವಿಶ್ವವಿದ್ಯಾಲಯವು 1943ರಲ್ಲಿ ಉದ್ಯೋಗಸ್ಥರಿಗೆ ಎಂಬಿಎ ಪದವಿ ನೀಡುವ ಮೊದಲ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗಳನ್ನು ಯುದ್ಧಸಾಮಗ್ರಿಯ ಉತ್ಪಾದನೆಗೆ ಸಜ್ಜುಗೊಳಿಸಲು ಹಾರ್ವರ್ಡ್ ವಾಣಿಜ್ಯ ಶಾಲೆಯು ನಡೆಸಿದ ಮರುತರಬೇತಿಯಿಂದ ಅದರ ಉನ್ನತ ನಿರ್ವಹಣಾ ಕಾರ್ಯಕ್ರಮವು ರೂಪುಗೊಂಡಿತು.

ಭಾರತದಲ್ಲಿ ಈ ಕ್ಷೇತ್ರದ ಆದ್ಯ ಸಂಸ್ಥೆಗಳಲ್ಲೊಂದು 1956ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಭಾರತೀಯ ಆಡಳಿತ ಸಿಬ್ಬಂದಿ ಕಾಲೇಜು. ಇಂಗ್ಲೆಂಡಿನ ಹೆನ್ಲಿಯಲ್ಲಿದ್ದ ಇಂಥದೇ ಕಾಲೇಜು ಇದಕ್ಕೆ ಮಾದರಿಯಾಗಿತ್ತು. ಸರ್ಕಾರಿ ಅಧಿಕಾರಿಗಳು ಮತ್ತು ಖಾಸಗಿ ಸಂಸ್ಥೆಗಳ ವ್ಯವಸ್ಥಾಪಕರು ಒಂದೇ ಗುಂಪಿನಲ್ಲಿ ಕುಳಿತು ಸಮಸ್ಯೆಗಳನ್ನು ಚರ್ಚಿಸುವುದು ಈ ಮಾದರಿಯ ವೈಶಿಷ್ಟ್ಯವಾಗಿತ್ತು. 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದುಗಳಲ್ಲಿ ಸ್ಥಾಪನೆಯಾದ ಭಾರತೀಯ ನಿರ್ವಹಣಾ ಸಂಸ್ಥೆಗಳು ತಮ್ಮ ಆರಂಭದ ವರ್ಷಗಳಿಂದಲೇ ಉದ್ಯೋಗಸ್ಥರಿಗೆ ಅಲ್ಪಾವಧಿ ಕಾರ್ಯಕ್ರಮಗಳನ್ನು ನಡೆಸಿದವು.

ವಿಧಗಳು

ಕಾರ್ಯನಿರ್ವಾಹಕ ಶಿಕ್ಷಣವನ್ನು ಸಾಮಾನ್ಯವಾಗಿ ನಾಲ್ಕು ವಿಧಗಳಾಗಿ ವಿಂಗಡಿಸಬಹುದು.

ಮುಕ್ತ ಕಾರ್ಯಕ್ರಮಗಳು: ಯಾವುದೇ ಸಂಸ್ಥೆಯ ಅರ್ಹ ಉದ್ಯೋಗಿಗಳು ಸೇರಬಹುದಾದ, ಕೆಲವು ದಿನಗಳಿಂದ ಕೆಲವು ವಾರಗಳವರೆಗಿನ ತರಗತಿಗಳು. ಹಣಕಾಸೇತರ ವಿಭಾಗದವರಿಗೆ ಲೆಕ್ಕಪತ್ರದ ಪರಿಚಯ, ಮಾತುಕತೆಯ ಕೌಶಲ, ಪೂರೈಕೆ ಸರಪಳಿಯ ನಿರ್ವಹಣೆ ಮುಂತಾದವು ಇವುಗಳ ವಿಷಯಗಳು.

ಸಂಸ್ಥಾನುಗುಣ ಕಾರ್ಯಕ್ರಮಗಳು: ಒಂದೇ ಕಂಪನಿ ಅಥವಾ ಇಲಾಖೆಯ ಅಗತ್ಯಕ್ಕೆ ತಕ್ಕಂತೆ ರೂಪಿಸಿದ ತರಬೇತಿ. ಇದರ ವೆಚ್ಚವನ್ನು ಆ ಸಂಸ್ಥೆಯೇ ಭರಿಸುತ್ತದೆ.

ಪದವಿ ಕಾರ್ಯಕ್ರಮಗಳು: ವಾರಾಂತ್ಯ ಅಥವಾ ಸಂಜೆಯ ತರಗತಿಗಳ ಮೂಲಕ ಉದ್ಯೋಗ ಬಿಡದೆ, ಇಲ್ಲವೇ ಒಂದು ವರ್ಷ ರಜೆ ಪಡೆದು ಪೂರ್ಣಾವಧಿಯಲ್ಲಿ ಓದುವ ಸ್ನಾತಕೋತ್ತರ ಶಿಕ್ಷಣ.

ಆನ್‌ಲೈನ್ ಕಾರ್ಯಕ್ರಮಗಳು: ಅಂತರಜಾಲದ ಮೂಲಕ ನಡೆಯುವ ಪಾಠಗಳು. ಭಾರತ ಸರ್ಕಾರವು 2017ರಲ್ಲಿ ಆರಂಭಿಸಿದ ಸ್ವಯಂ ವೇದಿಕೆಯಲ್ಲಿ ಪಾಠಗಳನ್ನು ಉಚಿತವಾಗಿ ಕಲಿಯಬಹುದು. ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು.

ಬೋಧನಾ ಕ್ರಮ

ವಯಸ್ಕರ ಕಲಿಕೆಯ ರೀತಿ ಮಕ್ಕಳ ಕಲಿಕೆಗಿಂತ ಭಿನ್ನವೆಂಬ ವಿಚಾರವನ್ನು ಅಮೆರಿಕದ ಶಿಕ್ಷಣತಜ್ಞ ಮಾಲ್ಕಂ ನೋಲ್ಸ್ ಪ್ರಚುರಪಡಿಸಿದರು. ವಯಸ್ಕರು ತಮ್ಮ ಅನುಭವವನ್ನೇ ಆಧಾರವಾಗಿಸಿಕೊಂಡು, ತಕ್ಷಣದ ಸಮಸ್ಯೆಗೆ ಪರಿಹಾರ ಹುಡುಕುತ್ತ ಕಲಿಯುತ್ತಾರೆ ಎಂಬುದು ಅವರ ನಿಲುವು. ಆದ್ದರಿಂದ ಇಂಥ ತರಗತಿಗಳಲ್ಲಿ ಉಪನ್ಯಾಸಕ್ಕಿಂತ ನೈಜ ಪ್ರಸಂಗಗಳ ಚರ್ಚೆ, ಗುಂಪು ಕಾರ್ಯ ಮತ್ತು ತಮ್ಮದೇ ಸಂಸ್ಥೆಯ ಸಮಸ್ಯೆಯನ್ನು ಕುರಿತ ಯೋಜನಾ ವರದಿಗಳಿಗೆ ಹೆಚ್ಚಿನ ಸ್ಥಾನವಿದೆ.

ಕೆನಡಾದ ನಿರ್ವಹಣಾ ಚಿಂತಕ ಹೆನ್ರಿ ಮಿಂಟ್ಸ್‌ಬರ್ಗ್ ಮತ್ತು ಸಂಗಡಿಗರು 1996ರಲ್ಲಿ ಆರಂಭಿಸಿದ ಅಂತರರಾಷ್ಟ್ರೀಯ ಸ್ನಾತಕೋತ್ತರ ಕಾರ್ಯಕ್ರಮವು ಈ ತತ್ತ್ವವನ್ನು ಇನ್ನೂ ಮುಂದಕ್ಕೆ ಒಯ್ದಿತು. ಕೆನಡಾ, ಇಂಗ್ಲೆಂಡ್, ಫ್ರಾನ್ಸ್ ಮತ್ತು ಜಪಾನಿನ ಸಂಸ್ಥೆಗಳೊಂದಿಗೆ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯೂ ಇದರಲ್ಲಿ ಸಹಭಾಗಿಯಾಗಿತ್ತು. ಇದರಲ್ಲಿ ಭಾಗವಹಿಸುವವರು ಉದ್ಯೋಗದಲ್ಲಿದ್ದುಕೊಂಡೇ ಆಗಾಗ ಸುಮಾರು ಎರಡು ವಾರಗಳ ತರಗತಿಗೆ ಬರುತ್ತಾರೆ. ನಡುವಿನ ಅವಧಿಯಲ್ಲಿ ಕಲಿತದ್ದನ್ನು ತಮ್ಮ ಕೆಲಸದೊಡನೆ ಹೋಲಿಸಿ ಬರೆಯುತ್ತಾರೆ. ಒಬ್ಬರು ಮತ್ತೊಬ್ಬರ ಕಚೇರಿಗೆ ಹೋಗಿ ಅಲ್ಲಿನ ಕಾರ್ಯವೈಖರಿಯನ್ನು ಗಮನಿಸುತ್ತಾರೆ. ತನ್ನ ಪರಿಸರಕ್ಕಿಂತ ಭಿನ್ನವಾದ ಲೋಕವನ್ನು ಅರಿಯುವ ಮನೋಭಾವಕ್ಕೆ ಮೀಸಲಾದ ಭಾಗವನ್ನು ಬೆಂಗಳೂರಿನಲ್ಲಿ ನಡೆಸಲಾಗುತ್ತಿತ್ತು.

ಕರ್ನಾಟಕದಲ್ಲಿ

ಬೆಂಗಳೂರು

ಸ್ವಾತಂತ್ರ್ಯಾನಂತರ ಬೆಂಗಳೂರಿನಲ್ಲಿ ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954), ಬಿಇಎಂಎಲ್ (1964) ಮೊದಲಾದ ಸಾರ್ವಜನಿಕ ವಲಯದ ಉದ್ಯಮಗಳು ಸ್ಥಾಪನೆಯಾದವು. ಇವುಗಳಲ್ಲಿ ನುರಿತ ಎಂಜಿನಿಯರುಗಳಿದ್ದರು. ನಿರ್ವಹಣೆಯಲ್ಲಿ ತರಬೇತಿ ಪಡೆದವರು ವಿರಳವಾಗಿದ್ದರು. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯು ಆರಂಭದಲ್ಲಿ ಸಾರ್ವಜನಿಕ ವಲಯದ ಅಗತ್ಯಗಳಿಗೆ ವಿಶೇಷ ಗಮನ ನೀಡಿತು. ಎನ್. ಎಸ್. ರಾಮಸ್ವಾಮಿ ಅದರ ಮೊದಲ ನಿರ್ದೇಶಕರು.

ಮಾಹಿತಿ ತಂತ್ರಜ್ಞಾನದ ಬೆಳವಣಿಗೆಯೊಂದಿಗೆ ಈ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ ತಂತ್ರಾಂಶ ಉದ್ಯಮದ ಉದ್ಯೋಗಿಗಳಿಗಾಗಿ ಸ್ನಾತಕೋತ್ತರ ಕಾರ್ಯಕ್ರಮವನ್ನು ತೆರೆಯಿತು. ಮುಂದೆ ಅದು ಎಲ್ಲ ಕ್ಷೇತ್ರಗಳ ಉದ್ಯೋಗಸ್ಥರಿಗೂ ತೆರೆದ ವಾರಾಂತ್ಯದ ಕಾರ್ಯಕ್ರಮವಾಯಿತು. ಅನುಭವಸ್ಥರಿಗೆ ಒಂದು ವರ್ಷದ ಪೂರ್ಣಾವಧಿ ಕಾರ್ಯಕ್ರಮವೂ ಇಲ್ಲಿದೆ. 2017ರ ಭಾರತೀಯ ನಿರ್ವಹಣಾ ಸಂಸ್ಥೆಗಳ ಅಧಿನಿಯಮವು 2018ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಇಂಥ ಸಂಸ್ಥೆಗಳು ಡಿಪ್ಲೊಮಾಕ್ಕೆ ಬದಲಾಗಿ ಪದವಿಯನ್ನೇ ನೀಡುವ ಅಧಿಕಾರ ಪಡೆದವು. ಭಾರತೀಯ ವಿಜ್ಞಾನ ಸಂಸ್ಥೆಯು ಉದ್ಯೋಗಸ್ಥರಿಗಾಗಿ ಪ್ರಾಫಿಶಿಯೆನ್ಸ್ ಎಂಬ ಹೆಸರಿನಲ್ಲಿ ನಿರಂತರ ಶಿಕ್ಷಣದ ತರಗತಿಗಳನ್ನು ನಡೆಸುತ್ತದೆ.

ಮೈಸೂರು

ಮೈಸೂರು ವಿಶ್ವವಿದ್ಯಾಲಯವು 1969ರಲ್ಲಿ ಅಂಚೆ ಮೂಲಕ ಶಿಕ್ಷಣವನ್ನು ಆರಂಭಿಸಿತು. ಈ ವಿಭಾಗವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ರೂಪುಗೊಂಡಿತು. ಶಾಲಾ ಶಿಕ್ಷಕರು, ಗುಮಾಸ್ತರು, ಬ್ಯಾಂಕ್ ನೌಕರರು ಮುಂತಾದವರಿಗೆ ಕೆಲಸ ಬಿಡದೆ ಪದವಿ ಪಡೆಯುವ ದಾರಿಯನ್ನು ಇದು ತೆರೆಯಿತು. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿರುವ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ನಿರ್ವಹಣಾ ಅಭಿವೃದ್ಧಿ ಸಂಸ್ಥೆ (1993) ಸ್ನಾತಕೋತ್ತರ ಶಿಕ್ಷಣದೊಂದಿಗೆ ಉದ್ಯೋಗಸ್ಥರಿಗೆ ಅಲ್ಪಾವಧಿ ಕಾರ್ಯಕ್ರಮಗಳನ್ನೂ ನಡೆಸುತ್ತದೆ. ಇನ್ಫೋಸಿಸ್ ಕಂಪನಿಯು ತನ್ನ ಹಿರಿಯ ಉದ್ಯೋಗಿಗಳನ್ನು ನಾಯಕತ್ವಕ್ಕೆ ಸಿದ್ಧಪಡಿಸಲು 2001ರಲ್ಲಿ ಮೈಸೂರಿನಲ್ಲಿ ನಾಯಕತ್ವ ಸಂಸ್ಥೆಯೊಂದನ್ನು ಆರಂಭಿಸಿತು.

ಸರ್ಕಾರಿ ವಲಯದಲ್ಲಿ ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯು ರಾಜ್ಯ ಸರ್ಕಾರದ ಅಧಿಕಾರಿಗಳಿಗೆ ತರಬೇತಿ ನೀಡುತ್ತದೆ. ಜಿಲ್ಲಾ ತರಬೇತಿ ಸಂಸ್ಥೆಗಳು ಇದಕ್ಕೆ ಪೂರಕವಾಗಿವೆ. ಪಂಚಾಯತ್ ರಾಜ್ ವ್ಯವಸ್ಥೆಯ ಬಲವರ್ಧನೆಗೆ ಶ್ರಮಿಸಿದ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯೂ ಮೈಸೂರಿನಲ್ಲಿದೆ. ಗ್ರಾಮ ಪಂಚಾಯಿತಿಗಳ ಚುನಾಯಿತ ಪ್ರತಿನಿಧಿಗಳಿಗೆ ಮತ್ತು ಸಿಬ್ಬಂದಿಗೆ ಕನ್ನಡದಲ್ಲಿ ತರಬೇತಿ ನೀಡುವ ಈ ಸಂಸ್ಥೆಯ ಕಾರ್ಯವನ್ನು ವಿಶಾಲ ಅರ್ಥದಲ್ಲಿ ಕಾರ್ಯನಿರ್ವಾಹಕ ಶಿಕ್ಷಣವೆಂದೇ ಪರಿಗಣಿಸಬಹುದು. ಆಯವ್ಯಯ ಓದುವುದು, ಸಭೆ ನಡೆಸುವುದು, ಯೋಜನೆ ರೂಪಿಸುವುದು ಪಂಚಾಯಿತಿ ಅಧ್ಯಕ್ಷರಿಗೂ ಕಂಪನಿಯ ವ್ಯವಸ್ಥಾಪಕರಿಗೂ ಸಮಾನವಾಗಿ ಬೇಕಾದ ಸಾಮರ್ಥ್ಯಗಳು.

ನಂಜನಗೂಡು ಮತ್ತು ತಿ. ನರಸೀಪುರ ಪ್ರದೇಶ

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಆಹಾರ, ಔಷಧ, ವಿದ್ಯುನ್ಮಾನ ಮುಂತಾದ ವಲಯಗಳ ಕಾರ್ಖಾನೆಗಳಿವೆ. ನೆಸ್ಲೆ ಕಂಪನಿಯ ಕಾರ್ಖಾನೆ ಇಲ್ಲಿ 1989ರಲ್ಲಿ ಆರಂಭವಾಯಿತು. ಇದೇ ತಾಲ್ಲೂಕಿನ ತಗಡೂರು ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರ ಊರು; ಸ್ವಾತಂತ್ರ್ಯ ಚಳವಳಿಯ ಕಾಲದಿಂದ ಖಾದಿ ಕಾರ್ಯಕ್ಕೆ ಹೆಸರಾದುದು. ಹೀಗೆ ಒಂದೇ ಪ್ರದೇಶದಲ್ಲಿ ಬೃಹತ್ ಕಾರ್ಖಾನೆಗಳೂ ಖಾದಿ ಹಾಗೂ ಹಾಲು ಉತ್ಪಾದಕರ ಸಹಕಾರ ಸಂಘಗಳಂಥ ಗ್ರಾಮೀಣ ಸಂಸ್ಥೆಗಳೂ ಅಕ್ಕಪಕ್ಕದಲ್ಲಿವೆ. ಎರಡರಲ್ಲಿಯೂ ಮಧ್ಯಮ ಹಂತದ ಹೊಣೆ ಹೊತ್ತವರಿಗೆ ನಿರ್ವಹಣೆಯ ಶಿಕ್ಷಣ ಅಗತ್ಯವಾಗುತ್ತದೆ.

ಉದಾಹರಣೆಗೆ, ಐಟಿಐ ಅಥವಾ ಡಿಪ್ಲೊಮಾ ಮುಗಿಸಿ ಕಾರ್ಖಾನೆಗೆ ಸೇರಿದ ಉದ್ಯೋಗಿಯು ತನ್ನ ಕೈಚಳಕದಿಂದ ಪಾಳಿಯ ಮೇಲ್ವಿಚಾರಕನ ಹುದ್ದೆಯವರೆಗೆ ಏರಬಹುದು. ಮುಂದಿನ ಮೆಟ್ಟಿಲಿಗೆ ಯಂತ್ರದ ಜ್ಞಾನ ಮಾತ್ರ ಸಾಲದು. ವೆಚ್ಚದ ಲೆಕ್ಕ, ವರದಿ ಬರವಣಿಗೆ, ಜನರನ್ನು ಒಗ್ಗೂಡಿಸುವ ಕಲೆ ಬೇಕು. ಸಹಕಾರ ಸಂಘದ ಕಾರ್ಯದರ್ಶಿಯೂ ದಾಸ್ತಾನು, ಮಾರುಕಟ್ಟೆ ಮತ್ತು ಸಾಲದ ಲೆಕ್ಕಗಳನ್ನು ಒಟ್ಟಾಗಿ ನೋಡಬೇಕಾಗುತ್ತದೆ. ಬೆಂಗಳೂರಿನ ವಾರಾಂತ್ಯದ ತರಗತಿಯು ಇಂಥವರಿಗೆ ಶುಲ್ಕ, ದೂರ ಮತ್ತು ಭಾಷೆಯ ಕಾರಣದಿಂದ ಸುಲಭವಾಗಿ ದಕ್ಕುವುದಿಲ್ಲ. ಮೈಸೂರಿನ ಸಂಸ್ಥೆಗಳು, ಮುಕ್ತ ವಿಶ್ವವಿದ್ಯಾಲಯ ಮತ್ತು ಆನ್‌ಲೈನ್ ಪಾಠಗಳು ಅವರಿಗೆ ಹತ್ತಿರದ ದಾರಿಗಳು. ಸ್ವಯಂ ಉದ್ಯೋಗದ ಆಸಕ್ತಿಯುಳ್ಳವರಿಗೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ದೇಶದಾದ್ಯಂತ ಸ್ಥಾಪನೆಯಾದ ಗ್ರಾಮೀಣ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆಗಳು ಉಚಿತ ತರಬೇತಿ ನೀಡುತ್ತವೆ.

ವೃತ್ತಿಜೀವನದ ಪ್ರಯೋಜನಗಳು

ಸಮಗ್ರ ದೃಷ್ಟಿ: ಒಂದೇ ವಿಭಾಗದಲ್ಲಿ ದೀರ್ಘಕಾಲ ದುಡಿದವರು ಸಂಸ್ಥೆಯನ್ನು ಆ ವಿಭಾಗದ ಕಿಟಕಿಯಿಂದಲೇ ನೋಡುತ್ತಾರೆ. ಹಣಕಾಸು, ಮಾರಾಟ, ಉತ್ಪಾದನೆ, ಮಾನವ ಸಂಪನ್ಮೂಲಗಳ ಪರಸ್ಪರ ಸಂಬಂಧವನ್ನು ಅರಿತವರಿಗೆ ಹೆಚ್ಚಿನ ಹೊಣೆಗಾರಿಕೆ ವಹಿಸಲು ಸಂಸ್ಥೆಗಳು ಮುಂದಾಗುತ್ತವೆ.

ವೃತ್ತಿ ಬದಲಾವಣೆ: ತಾಂತ್ರಿಕ ಹುದ್ದೆಯಿಂದ ನಿರ್ವಹಣೆಗೆ, ಉದ್ಯೋಗದಿಂದ ಸ್ವಂತ ಉದ್ಯಮಕ್ಕೆ ಹೋಗುವವರಿಗೆ ಇದು ಸೇತುವೆಯಾಗಬಲ್ಲದು. ಕುಟುಂಬದ ಕಾರಣದಿಂದ ಕೆಲಸ ಬಿಟ್ಟು ಮತ್ತೆ ಮರಳುವ ಮಹಿಳೆಯರಿಗೂ ಇದು ನೆರವಾಗುತ್ತದೆ.

ಜ್ಞಾನದ ನವೀಕರಣ: ಮೂವತ್ತು ವರ್ಷಗಳ ಸೇವಾವಧಿಯಲ್ಲಿ ತಂತ್ರಜ್ಞಾನ, ತೆರಿಗೆ ಪದ್ಧತಿ, ಕಾನೂನು ಹಲವು ಬಾರಿ ಬದಲಾಗುತ್ತವೆ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಲೆಕ್ಕಪತ್ರ ವಿಭಾಗದವರು ಬಹುಮಟ್ಟಿಗೆ ಹೊಸದಾಗಿ ಕಲಿಯಬೇಕಾಯಿತು.

ವೃತ್ತಿಬಾಂಧವ್ಯ: ಬೇರೆ ಬೇರೆ ಸಂಸ್ಥೆಗಳ ಸಹಪಾಠಿಗಳ ಪರಿಚಯವು ತರಗತಿ ಮುಗಿದ ಮೇಲೂ ಉಳಿಯುತ್ತದೆ. ಸಮಸ್ಯೆ ಎದುರಾದಾಗ ಸಲಹೆ ಕೇಳಲು, ಹೊಸ ಅವಕಾಶಗಳನ್ನು ತಿಳಿಯಲು ಇದು ಸಹಾಯಕ.

ವೈಯಕ್ತಿಕ ಪ್ರಯೋಜನಗಳು

ಹಲವು ವರ್ಷಗಳ ಅನಂತರ ಮತ್ತೆ ಪುಸ್ತಕ ಹಿಡಿಯುವುದು ಆತ್ಮವಿಶ್ವಾಸವನ್ನು ಹೆಚ್ಚಿಸುತ್ತದೆ. ತಾನು ರೂಢಿಯಿಂದ ಮಾಡುತ್ತಿದ್ದ ಕೆಲಸಕ್ಕೆ ಕಾರಣವನ್ನು ಅರಿಯುವುದು, ತನ್ನ ತಪ್ಪುಗಳನ್ನು ಅಪರಿಚಿತರ ಮುಂದೆ ಚರ್ಚಿಸುವುದು, ಭಿನ್ನಾಭಿಪ್ರಾಯವನ್ನು ಸಮಾಧಾನದಿಂದ ಆಲಿಸುವುದು ಕಲಿಕೆಯ ಭಾಗವಾಗಿವೆ. ಇವುಗಳ ಫಲ ಕಚೇರಿಗೆ ಮಾತ್ರ ಸೀಮಿತವಲ್ಲ. ಸಮಯಪಾಲನೆ, ಮನೆಯ ಹಣಕಾಸಿನ ಯೋಜನೆ, ಸಾರ್ವಜನಿಕವಾಗಿ ಮಾತನಾಡುವ ಧೈರ್ಯ ಇವುಗಳಲ್ಲಿಯೂ ಅದು ಕಾಣಿಸಿಕೊಳ್ಳಬಹುದು. ತಂದೆ ಅಥವಾ ತಾಯಿ ಓದುವುದನ್ನು ಕಂಡು ಮಕ್ಕಳಿಗೂ ಓದಿನ ಬಗ್ಗೆ ಗೌರವ ಮೂಡುವ ಸಾಧ್ಯತೆ ಇದೆ.

ಫಲಿತಾಂಶದ ಮಾಪನ

ತರಬೇತಿಯ ಫಲವನ್ನು ಅಳೆಯಲು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ನಾಲ್ಕು ಹಂತಗಳನ್ನು ಪ್ರತಿಪಾದಿಸಿದರು: ಕಲಿತವರ ಪ್ರತಿಕ್ರಿಯೆ, ಕಲಿಕೆಯ ಪ್ರಮಾಣ, ಕೆಲಸದಲ್ಲಿ ವರ್ತನೆಯ ಬದಲಾವಣೆ ಮತ್ತು ಸಂಸ್ಥೆಗಾದ ಪರಿಣಾಮ. ಮೊದಲೆರಡನ್ನು ಅಳೆಯುವುದು ಸುಲಭ. ಕೊನೆಯ ಎರಡನ್ನು ಅಳೆಯಲು ತಿಂಗಳುಗಳೋ ವರ್ಷಗಳೋ ಬೇಕು. ಅಲ್ಲದೆ, ಸಂಸ್ಥೆಗಳು ಭರವಸೆ ಮೂಡಿಸಿದ ಉದ್ಯೋಗಿಗಳನ್ನೇ ಹೆಚ್ಚಾಗಿ ತರಬೇತಿಗೆ ಕಳುಹಿಸುತ್ತವೆ. ಅವರಿಗೆ ಅನಂತರ ದೊರೆತ ಬಡ್ತಿಯಲ್ಲಿ ಶಿಕ್ಷಣದ ಪಾಲೆಷ್ಟು, ಮೊದಲೇ ಇದ್ದ ಸಾಮರ್ಥ್ಯದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಠಿಣ. ಆದಕಾರಣ ಸಂಸ್ಥೆಗಳು ಜಾಹೀರಾತುಗಳಲ್ಲಿ ತೋರಿಸುವ ಸಂಬಳ ಏರಿಕೆಯ ಅಂಕಿಗಳನ್ನು ಎಚ್ಚರದಿಂದ ಓದಬೇಕಾಗುತ್ತದೆ.

ಮಿತಿಗಳು ಮತ್ತು ಟೀಕೆಗಳು

ಪ್ರತಿಷ್ಠಿತ ಸಂಸ್ಥೆಗಳ ದೀರ್ಘಾವಧಿ ಕಾರ್ಯಕ್ರಮಗಳ ಶುಲ್ಕ ಹಲವು ಲಕ್ಷ ರೂಪಾಯಿಗಳಾಗುತ್ತದೆ. ಉದ್ಯೋಗದಾತರು ಶುಲ್ಕ ಭರಿಸಿದಾಗ ನಿರ್ದಿಷ್ಟ ಅವಧಿಯವರೆಗೆ ಕೆಲಸ ಬಿಡಬಾರದೆಂಬ ಕರಾರು ಇರುವುದುಂಟು. ವಾರದ ರಜೆಯೂ ತರಗತಿಗೆ ಮೀಸಲಾಗುವುದರಿಂದ ಅದರ ಹೊರೆಯನ್ನು ಕುಟುಂಬವೂ ಹಂಚಿಕೊಳ್ಳಬೇಕಾಗುತ್ತದೆ. ಪಾಠ ಮತ್ತು ಪಠ್ಯಗಳು ಬಹುಪಾಲು ಇಂಗ್ಲಿಷಿನಲ್ಲಿರುವುದು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ತೊಡಕಾಗಿದೆ.

ಮಿಂಟ್ಸ್‌ಬರ್ಗ್ ಅವರು 2004ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ನಿರ್ವಹಣೆಯು ತರಗತಿಯಲ್ಲಿ ಮಾತ್ರ ಕಲಿಯಬಹುದಾದ ಶಾಸ್ತ್ರವಲ್ಲ, ಅನುಭವದಿಂದ ಪಕ್ವವಾಗುವ ಕಸುಬು ಎಂದು ವಾದಿಸಿದರು. ಕೆಲಸಕ್ಕೆ ಮರಳಿದವರಿಗೆ ಹೊಸ ಕ್ರಮವನ್ನು ಪ್ರಯೋಗಿಸಲು ಮೇಲಧಿಕಾರಿಯ ಬೆಂಬಲ ದೊರೆಯದಿದ್ದರೆ ಕಲಿತದ್ದು ಬೇಗನೆ ಮರೆತುಹೋಗುತ್ತದೆ ಎಂಬುದು ಈ ಕ್ಷೇತ್ರದ ಸಾಮಾನ್ಯ ಅನುಭವ.

ಕಾರ್ಯಕ್ರಮದ ಆಯ್ಕೆ

ಕಾರ್ಯಕ್ರಮವನ್ನು ಆರಿಸಿಕೊಳ್ಳುವ ಮುನ್ನ ಕೆಲವು ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

- ಕೊನೆಯಲ್ಲಿ ದೊರೆಯುವುದು ಪದವಿಯೇ, ಡಿಪ್ಲೊಮಾವೇ, ಭಾಗವಹಿಸಿದ ಪ್ರಮಾಣಪತ್ರವೇ ಎಂಬುದು. ಸರ್ಕಾರಿ ನೇಮಕಾತಿ ಮತ್ತು ಬಡ್ತಿಯಲ್ಲಿ ಈ ವ್ಯತ್ಯಾಸ ಮುಖ್ಯವಾಗುತ್ತದೆ.
- ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿಯಾದರೆ ಆ ವರ್ಷಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇದೆಯೇ ಎಂಬುದು.
- ಪಾಠ ಮಾಡುವವರು ಆ ಸಂಸ್ಥೆಯ ಅಧ್ಯಾಪಕರೇ, ಅಥವಾ ಹೆಸರು ಮಾತ್ರ ಆ ಸಂಸ್ಥೆಯದೇ ಎಂಬುದು.
- ತನ್ನ ಈಗಿನ ಕೆಲಸದ ಯಾವ ಸಮಸ್ಯೆಗೆ ಈ ಕಲಿಕೆ ಉತ್ತರ ನೀಡುತ್ತದೆ ಎಂಬುದು.
- ಮರಳಿದ ಮೇಲೆ ಕಲಿತದ್ದನ್ನು ಬಳಸಲು ಕೆಲಸದ ಸ್ಥಳದಲ್ಲಿ ಅವಕಾಶವಿದೆಯೇ ಎಂಬುದು.

ಇವನ್ನೂ ನೋಡಿ

- ಭಾರತೀಯ ನಿರ್ವಹಣಾ ಸಂಸ್ಥೆ, ಬೆಂಗಳೂರು
- ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ
- ವಯಸ್ಕರ ಶಿಕ್ಷಣ
- ನಂಜನಗೂಡು
- ತಗಡೂರು ರಾಮಚಂದ್ರರಾವ್