ಎರೆಸೀಮೆಯ ಋತುಸಂಜ್ಞೆಗಳು

ಋತುಗಳ ಸೊಬಗನ್ನು ಬಣ್ಣಿಸಹೊರಟವರು ಬಹುಮಟ್ಟಿಗೆ ಮಲೆನಾಡನ್ನೇ ನೆನೆಯುತ್ತಾರೆ. ಅಲ್ಲಿ ಮಳೆಗಾಲವೆಂಬುದು ಮೂರು ನಾಲ್ಕು ತಿಂಗಳ ಏಕಚ್ಛತ್ರಾಧಿಪತ್ಯ, ವಸಂತವೆಂಬುದು ಕಾಡಿಗೆ ಕಾಡೇ ಚಿಗುರುವ ಮಹೋತ್ಸವ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕರಿಮಣ್ಣಿನ ಎರೆಸೀಮೆಗೆ ಪ್ರಕೃತಿಯು ಅಂತಹ ವೈಭವವನ್ನು ದಯಪಾಲಿಸಲಿಲ್ಲ. ಇಲ್ಲಿಯ ಋತುಗಳನ್ನು ನೆಲದ ಬಿರುಕಿನಲ್ಲಿ, ನದಿಯ ಬಣ್ಣದಲ್ಲಿ, ಕಡಲೆಯ ಎಲೆಯ ಮೇಲಣ ಹನಿಯಲ್ಲಿ ಹುಡುಕಿ ಕಾಣಬೇಕು. ಅಲ್ಪವನ್ನು ಪಡೆದ ಸೀಮೆಯೇ ತನ್ನ ಜನಕ್ಕೆ ಸೂಕ್ಷ್ಮವಾದ ಕಣ್ಣನ್ನು ಕೊಡುತ್ತದೆಂಬುದು ನನ್ನ ದೃಢವಾದ ನಂಬಿಕೆ.

ಸೂರ್ಯನು ಒಂದೊಂದು ನಕ್ಷತ್ರದಲ್ಲಿ ನಿಲ್ಲುವ 13-14 ದಿನಗಳ ಅವಧಿಗೆ ಆ ನಕ್ಷತ್ರದ ಹೆಸರನ್ನೇ ಇಟ್ಟು, ಅಂದು ಬಿದ್ದ ಮಳೆಯನ್ನು ಮನೆಯ ಬಂಧುವಿನಂತೆ ಹೆಸರು ಹಿಡಿದು ಕರೆಯುವ ಪದ್ಧತಿಯು ಈ ಕಣ್ಣಿನ ಮೊದಲ ಪಾಠ. ಮೇ ತಿಂಗಳ ಕೊನೆಯ ರೋಹಿಣಿ, ಜೂನಿನ ಮಿರಗ ಮತ್ತು ಆರಿದ್ರ, ಸೆಪ್ಟೆಂಬರಿನ ಉತ್ತರಿ, ಅಕ್ಟೋಬರಿನ ಚಿತ್ತಿ, ಅದರ ಬೆನ್ನಿಗೆ ಸ್ವಾತಿ: ಒಕ್ಕಲಿಗನಿಗೆ ಇವು ಪಂಚಾಂಗದ ಒಣ ಶಬ್ದಗಳಲ್ಲ, ಒಂದೊಂದಕ್ಕೂ ಬೇರೆ ಬೇರೆ ಸ್ವಭಾವವುಂಟು. ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳವೆಂದು ಹೇಳುವ ಮುದುಕನು ಹದಿನಾಲ್ಕು ದಿನಗಳ ಕಾಲ ಪಡುವಣ ಮೂಲೆಯ ಮೋಡವನ್ನು ಎವೆಯಿಕ್ಕದೆ ನೋಡುತ್ತಾನೆ; ಆ ನೋಟವೇ ಒಂದು ಸಾಧನೆ.

ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಾಯ್ದೆರೆದ ಎರೆಹೊಲವು ಮೊದಲ ಹದಮಳೆಯನ್ನು ಹೀರಿ, ಉಬ್ಬಿ, ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆ ಬಿರುಕುಗಳೊಳಗೆ ಬೇಸಿಗೆಯುದ್ದಕ್ಕೂ ಉದುರಿದ ಮೇಲ್ಮಣ್ಣು ಆಳಕ್ಕೆ ಸೇರಿರುವುದರಿಂದ, ನೇಗಿಲು ತಾಗುವ ಮುನ್ನವೇ ಭೂಮಿಯು ತನ್ನನ್ನು ತಾನು ಮಗುಚಿಕೊಂಡಿರುತ್ತದೆ. ಮುಂಡರಗಿಯ ಕಡೆ ಇನ್ನೂ ವಿಚಿತ್ರವಾದ ಸಂಜ್ಞೆಯೊಂದುಂಟು. ಊರ ಮೇಲೆ ಹನಿ ಬೀಳದೆ ಆಕಾಶವು ಬೆಳ್ಳಗಿರುವಾಗಲೇ ಸಿಂಗಟಾಲೂರಿನ ಬಳಿ ತುಂಗಭದ್ರೆಯ ನೀರು ಒಮ್ಮೆಗೆ ಕೆಂಪಾಗುತ್ತದೆ. ದೂರದ ಮಲೆನಾಡಿನಲ್ಲಿ ಮಳೆ ಹಿಡಿದಿದೆಯೆಂಬ ಸಮಾಚಾರವನ್ನು ನದಿಯು ಬಣ್ಣದಲ್ಲಿ ಬರೆದು ತರುತ್ತದೆ. ಇತ್ತ ಕಾರಹುಣ್ಣಿಮೆಯ ಹೊತ್ತಿಗೆ ಪಡುವಣ ಗಾಳಿ ಬಲಿತು, ಗದುಗಿನ ಮಾಳಿಗೆಗಳ ಮೇಲೆ ಹುಡುಗರ ಗಾಳಿಪಟಗಳು ಏರುತ್ತವೆ.

ಬೆಟಗೇರಿಯ ನೇಕಾರನು ಹೊಲಕ್ಕೆ ಹೋಗದೆಯೇ ಋತುವನ್ನು ಬಲ್ಲ. ಹತ್ತಿಯ ನೂಲು ಒಣಹವೆಗೆ ಪೆಡಸಾಗಿ ಹರಿಯುತ್ತದೆ, ತೇವಕ್ಕೆ ಗಟ್ಟಿಯಾಗುತ್ತದೆ. ನೆಲವನ್ನು ತೋಡಿ ಕೂರಿಸಿದ ಕುಣಿಮಗ್ಗದ ತಂಪು ಹಾಸುನೂಲಿಗೆ ಹಿತವಾಗಲು ಇದೇ ಕಾರಣ. ಆದರೆ ಅದೇ ತೇವವು ಹೆಚ್ಚಿದ ಶ್ರಾವಣದಲ್ಲಿ ಗಂಜಿ ಕೊಟ್ಟ ಹಾಸು ಬೇಗ ಒಣಗದು. ಹೀಗೆ ಬೆರಳ ತುದಿಯಿಂದ ಹವೆಯನ್ನು ಓದುವ ವಿದ್ಯೆಯು ಯಾವ ಯಂತ್ರದ ಮುನ್ಸೂಚನೆಗಿಂತಲೂ ಕಡಿಮೆಯದೆಂದು ನಾನು ಒಪ್ಪಲಾರೆ.

ಈ ಸೀಮೆಯ ನಿಜವಾದ ಸಿರಿಯಿರುವುದು ಮಾತ್ರ ಹಿಂಗಾರಿಯಲ್ಲಿ. ಉತ್ತರಿ, ಹಸ್ತದ ಹದಕ್ಕೆ ಕೂರಿಗೆ ಹೂಡಿ ಬಿತ್ತಿದ ಬಿಳಿಜೋಳವೂ ಕಡಲೆಯೂ ಮುಂದೆ ಮಳೆಯನ್ನು ಹೆಚ್ಚಾಗಿ ಬೇಡವು; ಎರೆಯು ತನ್ನ ಒಡಲಲ್ಲಿ ಹಿಡಿದಿಟ್ಟ ತೇವದಿಂದಲೇ ಅವು ಬೆಳೆಯಬೇಕು. ಮಾರ್ಗಶಿರದ ಮುಂಜಾವಿನಲ್ಲಿ ಲಕ್ಷ್ಮೇಶ್ವರದ ಆಸುಪಾಸಿನ ಕಡಲೆಹೊಲಕ್ಕೆ ಹೋದವನ ಧೋತರದ ಅಂಚು ಮೊಳಕಾಲವರೆಗೆ ನೆನೆಯುತ್ತದೆ, ಆ ನೀರನ್ನು ನಾಲಗೆಗೆ ಸೋಂಕಿಸಿದರೆ ಹುಳಿ. ಕಡಲೆಯ ಎಲೆಯ ಸಣ್ಣ ರೋಮಗಳು ಸ್ರವಿಸುವ ಆಮ್ಲವು ಇಬ್ಬನಿಯಲ್ಲಿ ಕರಗಿ ಈ ರುಚಿ ಬರುತ್ತದೆ. ರಾತ್ರಿ ಬಿಳಿಯ ಅರಿವೆಯನ್ನು ಪೈರಿನ ಮೇಲೆ ಹಾಸಿ, ಬೆಳಗಿನಲ್ಲಿ ಅದನ್ನು ಹಿಂಡಿ, ಬಂದ ಹುಳಿಯನ್ನು ಬಾಟಲಿಯಲ್ಲಿ ಕಾಯ್ದಿಟ್ಟು, ಹೊಟ್ಟೆನೋವಿಗೂ ಅಜೀರ್ಣಕ್ಕೂ ಹನಿಹನಿಯಾಗಿ ಕೊಡುತ್ತಿದ್ದ ಹಿರಿಯರ ಜಾಣ್ಮೆಯನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ: ಒಂದು ಚಳಿಗಾಲದ ಇಬ್ಬನಿಯನ್ನು ವರ್ಷವಿಡೀ ಮನೆಯಲ್ಲಿ ಇಟ್ಟುಕೊಂಡ ಜನ ಅವರು.

ಇದೇ ಹೊತ್ತಿನಲ್ಲಿ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಅತಿಥಿಗಳು ಬಂದಿರುತ್ತಾರೆ. ಬಿಳಿಯ ತಲೆಯ ಹಿಂಬದಿಗೆ ಎರಡು ಕರಿಯ ಗೀರುಗಳನ್ನು ಹೊತ್ತ ಪಟ್ಟೆತಲೆ ಹೆಬ್ಬಾತುಗಳು ಮಧ್ಯ ಏಷ್ಯದ ಸರೋವರಗಳಿಂದ ಹೊರಟು, ಹಿಮಾಲಯವನ್ನು ದಾಟಿ, ನವೆಂಬರಿನ ಹೊತ್ತಿಗೆ ಇಲ್ಲಿಗಿಳಿಯುತ್ತವೆ. ಈ ಜಾತಿಯ ಹಕ್ಕಿಗಳು 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಹಗಲೆಲ್ಲ ನೀರಿನ ಮೇಲೆ ವಿಶ್ರಮಿಸಿ, ಮುಸ್ಸಂಜೆಗೆ ಸಾಲುಗಟ್ಟಿ ಸುತ್ತಣ ಹೊಲಗಳಿಗೆ ಮೇಯಲು ಹೋಗುವ ಅವುಗಳ ಕೂಗು ಊರವರಿಗೆ ಚಳಿಯ ಆಗಮನದ ಘಂಟೆ. ಅಷ್ಟು ದೊಡ್ಡ ಸಾಮ್ರಾಜ್ಯಗಳನ್ನು ಮೇಲಿನಿಂದ ಕಂಡ ಹಕ್ಕಿಗೆ ಈ ಸಣ್ಣ ಕೆರೆಯೇ ಸಾಕೆನಿಸಿತಲ್ಲ ಎಂಬ ವಿಸ್ಮಯವು ನನ್ನನ್ನು ಇನ್ನೂ ಬಿಟ್ಟಿಲ್ಲ. 2024ರಲ್ಲಿ ಈ ಕೆರೆಯು ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಸಂತೋಷದ ಸಂಗತಿ. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಇದೇ ಸೀಮೆಯ ಕಪ್ಪತಗುಡ್ಡದ ಹಾಗೆಯೇ, ಇದನ್ನೂ ಹೆಸರಿಗಷ್ಟೇ ಅಲ್ಲದೆ ನಿಜವಾಗಿ ಉಳಿಸಿಕೊಳ್ಳಬೇಕಾಗಿದೆ. ಆ ಗುಡ್ಡದ ಹುಲ್ಲು ಶ್ರಾವಣದ ಹಸುರಿನಿಂದ ಮಾಗಿಯ ಹೊಂಬಣ್ಣಕ್ಕೆ ತಿರುಗುವುದನ್ನು ಕಂಡವರಿಗೆ ಬೇರೆ ದಿನದರ್ಶಿಕೆ ಬೇಡ.

ಎಳ್ಳಮಾವಾಸ್ಯೆಯಂದು ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಬುತ್ತಿಗಳನ್ನು ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ನಡೆದು ಪೈರಿಗೆ ನೈವೇದ್ಯವಾಗಿ ಚರಗ ಚೆಲ್ಲುವ ಹಬ್ಬವನ್ನು ಕೇವಲ ಆಚಾರವೆಂದು ಕಾಣುವುದು ಅನ್ಯಾಯ. ವರ್ಷದಲ್ಲಿ ಒಂದು ದಿನವಾದರೂ ಪ್ರತಿಯೊಬ್ಬನೂ ಪೈರಿನ ನಡುವೆ ಕುಳಿತು ಅದನ್ನು ನೋಡಲೇಬೇಕೆಂದು ಹಿರಿಯರು ಮಾಡಿದ ಏರ್ಪಾಡು ಅದು. ಕೆಲವು ವಾರಗಳಲ್ಲಿ ತೆನೆಗೆ ಹಾಲು ತುಂಬಿ, ಕಾಳು ಇನ್ನೂ ಮೆತ್ತಗಿರುವಾಗ, ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬೆಲ್ಲ, ಶೇಂಗಾ ಚಟ್ನಿಗಳೊಡನೆ ತಿನ್ನುವ ಸೀತನಿಯ ಕಾಲ ಬರುತ್ತದೆ. ಅದರ ಆಯುಷ್ಯ ಬಹಳವೆಂದರೆ ಹತ್ತು ಹದಿನೈದು ದಿನ. ಆಮೇಲೆ ಕಾಳು ಬಲಿಯಿತು, ಮುಗಿಯಿತು. ಪೇಟೆಯಲ್ಲಿ ದುಡ್ಡು ಕೊಟ್ಟರೂ ಸಿಗದ ಈ ಸವಿಗಾಗಿ ದೂರದ ಊರಲ್ಲಿ ನೌಕರಿಯಲ್ಲಿರುವವರು ಊರಿಗೆ ಓಡಿಬರುವುದನ್ನು ನೋಡಿ ನಾನು ಹಿಗ್ಗಿದ್ದೇನೆ.

ಶಿವರಾತ್ರಿಯ ಸುಮಾರಿಗೆ ಜೋಳದ ಕೊಯ್ಲಾಗಿ, ಕಣಿಕೆಯ ಬಣವೆಗಳೆದ್ದು, ಹೆಬ್ಬಾತುಗಳು ಬಡಗಣ ದಾರಿ ಹಿಡಿದಿರುತ್ತವೆ. ಆಗ ಋತುವು ಅಡುಗೆಮನೆಯನ್ನು ಹೊಕ್ಕು ಕುಳಿತುಕೊಳ್ಳುತ್ತದೆ. ಹಳೆಯ ಜೋಳದ ಹಿಟ್ಟಿಗೆ ಬಿಸಿನೀರು ಹೊಯ್ದು ಎಷ್ಟು ನಾದಿದರೂ ರೊಟ್ಟಿಯ ಅಂಚು ಸೀಳುತ್ತಿತ್ತು. ಹೊಸ ಜೋಳದ ಹಿಟ್ಟಿಗೆ ಜಿಗಿಯಿರುವುದರಿಂದ ಅದು ಬಡಿದಂತೆ ಬಡಿದಂತೆ ತೆಳ್ಳಗಾಗಿ ಹರಡುತ್ತದೆ. ಶಿರಹಟ್ಟಿಯ ತಾಯಂದಿರು ಹೊಸ ಚೀಲದ ಬಾಯಿ ಬಿಚ್ಚಿ ಬೀಸಿಸಿದ ದಿನ ಮೊದಲ ರೊಟ್ಟಿಯನ್ನು ಬಡಿಯುತ್ತ, ಈ ಸಲದ ಎರೆಯಲ್ಲಿ ತೇವ ಎಷ್ಟಿತ್ತು, ಕಾಳು ಹೇಗೆ ತುಂಬಿತು ಎಂಬುದನ್ನೆಲ್ಲ ಅಂಗೈಯ ಕೆಳಗಿನ ಆ ಜಿಗಿಯಿಂದಲೇ ಹೇಳಬಲ್ಲರು.