ಬೀದರ ಜಿಲ್ಲೆ: ನೆಲ, ನದಿ, ಜನ

ಭೂಪಟದಲ್ಲಿ ಕರ್ನಾಟಕದ ಉತ್ತರ ತುದಿಯಲ್ಲಿ ಕಾಣುವ ಬೀದರ ಜಿಲ್ಲೆಯನ್ನು ನಾಡಿನ ಕಿರೀಟವೆಂದು ಕರೆಯುವುದು ವಾಡಿಕೆ. ಬೆಂಗಳೂರಿಗೆ ಬಹುದೂರವಾದ ಈ ಸೀಮೆಯು ಹೈದರಾಬಾದಿಗೆ ಕೇವಲ 140 ಕಿಲೋಮೀಟರುಗಳಷ್ಟು ಅಂತರದಲ್ಲಿದೆ. ಆದರೆ ಹಿಮಾಯತ್‌ನಗರದ ಕನ್ನಡಿಗರಿಗೂ ಬೀದರಕ್ಕೂ ಇರುವ ನಂಟು ರಸ್ತೆಯದಷ್ಟೇ ಅಲ್ಲ, ನೀರಿನದೂ ಹೌದು.

ನೆಲ

5,448 ಚದರ ಕಿಲೋಮೀಟರು ವಿಸ್ತೀರ್ಣದ ಈ ಜಿಲ್ಲೆಗೆ ಪೂರ್ವದಲ್ಲಿ ತೆಲಂಗಾಣ, ಪಶ್ಚಿಮೋತ್ತರಗಳಲ್ಲಿ ಮಹಾರಾಷ್ಟ್ರ, ದಕ್ಷಿಣದಲ್ಲಿ ಕಲಬುರಗಿ ಜಿಲ್ಲೆ ಎಲ್ಲೆಗಳಾಗಿವೆ. ಬೀದರ ನಗರವು ಸುಮಾರು 2,200 ಅಡಿ ಎತ್ತರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಜಂಬಿಟ್ಟಿಗೆಯು ರಂಧ್ರಮಯವಾದುದರಿಂದ ಮಳೆಯ ನೀರು ಅದರಲ್ಲಿ ಇಂಗಿ, ಕೆಳಗಿನ ಕಪ್ಪು ಶಿಲೆಯ ಮೇಲೆ ತಂಗಿ, ಅಂಚುಗಳಲ್ಲಿ ಝರಿಯಾಗಿ ಹೊಮ್ಮುತ್ತದೆ. ಗುರುನಾನಕ ಝೀರಾ ಇಂತಹುದೊಂದು ಝರಿ. ಈ ಗುಣವನ್ನರಿತೇ 15ನೆಯ ಶತಮಾನದಲ್ಲಿ, ಬಹಮನಿ ಅರಸರ ಕಾಲದಲ್ಲಿ, ನೌಬಾದದ ಬಳಿ ನೆಲದಡಿಯ ಕಾಲುವೆಯನ್ನು ಕೊರೆಯಲಾಯಿತು. ಜನರು ಅದನ್ನು ಸುರಂಗಬಾವಿ ಎನ್ನುತ್ತಾರೆ.

ನದಿ

ಬೀದರದ ಜೀವನದಿ ಮಾಂಜರಾ. ತೆಲುಗರಿಗೆ ಇದೇ ಮಂಜೀರಾ. ಮಹಾರಾಷ್ಟ್ರದ ಬೀಡ ಜಿಲ್ಲೆಯ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟಿ, ಬೀದರವನ್ನು ಹಾಯ್ದು, ತೆಲಂಗಾಣದಲ್ಲಿ ಉತ್ತರಕ್ಕೆ ತಿರುಗಿ, ಸುಮಾರು 724 ಕಿಲೋಮೀಟರು ಹರಿದ ಬಳಿಕ ಕಂದಕುರ್ತಿಯಲ್ಲಿ ಗೋದಾವರಿಯನ್ನು ಸೇರುತ್ತದೆ. ಕೋಹೀರಿನ ಕಡೆಯಿಂದ ಬರುವ ಕಾರಂಜಾ ಇದರ ಉಪನದಿ; ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ದಕ್ಷಿಣದ ಮುಲ್ಲಾಮಾರಿಯಾದರೋ ಕಾಗಿಣಾ, ಭೀಮಾ ನದಿಗಳ ಮೂಲಕ ಕೃಷ್ಣೆಯನ್ನು ಕೂಡುತ್ತದೆ. ಹೀಗೆ ಒಂದೇ ಜಿಲ್ಲೆಯ ಮಳೆ ಎರಡು ಮಹಾನದಿಗಳಿಗೆ ಹಂಚಿಹೋಗುತ್ತದೆ.

ಜನ

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 17,03,300. ಇವರಲ್ಲಿ ಮುಕ್ಕಾಲು ಪಾಲು ಹಳ್ಳಿಗರು. ತೊಗರಿ, ಉದ್ದು, ಹೆಸರು, ಸೋಯಾ, ಕಬ್ಬು ಇಲ್ಲಿನ ಮುಖ್ಯ ಬೆಳೆಗಳು. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಪ್ರದೇಶವನ್ನು 1956ರ ನವೆಂಬರ್ 1ರಂದು ಭಾಷಾವಾರು ಹಂಚಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಪ್ರದೇಶಕ್ಕೂ ಹೋದವು. ಉಳಿದ ಬೀದರ ಮೈಸೂರು ರಾಜ್ಯಕ್ಕೆ ಸೇರಿತು.

ಹಂಚಿಕೊಳ್ಳಲಾಗದ ನೀರು

ನೆಲವನ್ನು ಗೆರೆ ಎಳೆದು ಹಂಚಿದರೂ ನದಿ ಆ ಗೆರೆಗಳನ್ನು ದಾಟಿಯೇ ಹರಿಯಿತು. ಉಸ್ಮಾನ್‌ಸಾಗರ, ಹಿಮಾಯತ್‌ಸಾಗರಗಳು ಸಾಲದಾದಾಗ ಹೈದರಾಬಾದು 1965ರಿಂದ ಮಂಜೀರಾ ನೀರನ್ನು ತರಿಸಿಕೊಂಡಿತು. 1990ರ ದಶಕದಲ್ಲಿ ಅದೇ ನದಿಯ ಸಿಂಗೂರು ಜಲಾಶಯದ ನೀರೂ ನಗರಕ್ಕೆ ಬಂದಿತು. ಆದರೆ 2016ರ ಬೇಸಗೆಯಲ್ಲಿ ಸಿಂಗೂರು ಬತ್ತಿತು. ಅದೇ ನದಿಯನ್ನು ನಂಬಿದ ಮೇಲಿನ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಬೇಕಾಯಿತು. ಆ ವರ್ಷ ಹೈದರಾಬಾದನ್ನು ಕಾಪಾಡಿದುದು ದೂರದಿಂದ ತಂದ ಕೃಷ್ಣೆ ಮತ್ತು ಗೋದಾವರಿಯ ನೀರು. ನಡುವಣ ಬೀದರದ ಹಳ್ಳಿಗರಿಗೆ ಅಂತಹ ಆಸರೆ ಇರಲಿಲ್ಲ.

ಆರೋಗ್ಯಕ್ಕೆ ಶುದ್ಧವಾದ ನೀರೇ ಮೊದಲ ಮದ್ದು. ನಗರದ ನಲ್ಲಿಯಲ್ಲಿ ಅದು ಸುಲಭವಾಗಿ ದೊರೆತಾಗ, ಬಾಲಾಘಾಟದಿಂದ ಕಂದಕುರ್ತಿಯವರೆಗೆ ಅದೇ ನದಿಯ ದಡದಲ್ಲಿ ಕೊಡ ಹಿಡಿದು ಕಾಯುವವರನ್ನೂ ನೆನೆದು, ಒಂದು ತಂಬಿಗೆ ನೀರನ್ನೂ ವ್ಯರ್ಥಮಾಡದೆ ಬಳಸುವುದು ಲೇಸು.